ಮನವಿ ಪತ್ರ: ರೈಸ್ ಮಿಲ್ಲುಗಳ ಕೊಳೆನೀರು ಹಳ್ಳಕ್ಕೆ ಬಿಡುವುದನ್ನು ತಡೆದು, ಅದರಿಂದ ಜಲಜನಕ ತೆಗೆಯುವ ಪ್ರಾಯೋಗಿಕ ಘಟಕ ಸ್ಥಾಪಿಸುವ ಕುರಿತು

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ದಾವಣಗೆರೆ

ಇಂದ,
ಭಾನುವಳ್ಳಿ ಗ್ರಾಮಸ್ಥರು ಹಾಗೂ ಹಳ್ಳದ ದಂಡೆಯ ರೈತರು, ಹರಿಹರ ತಾಲ್ಲೂಕು

ಮಾನ್ಯರೇ,

ಭದ್ರಾ ನಾಲೆಯ ಕೊನೆ ಭಾಗದವರಾದ ನಮಗೆ ನಾಲೆ ಬಂದ್ ಆದಾಗ ಹಳ್ಳವೇ ಆಸರೆ. ಮೇಲ್ಗಡೆಯ ಮಿಲ್ಲುಗಳು ಭತ್ತ ನೆನೆಹಾಕಿದ ನೀರನ್ನು ರಾತ್ರಿ ಹೊತ್ತು ಅದಕ್ಕೇ ಬಿಡುತ್ತಿವೆ. ಬೆಳಗಾಗುವಷ್ಟರಲ್ಲಿ ನೊರೆ ಕಟ್ಟಿ, ತಳದಿಂದ ಗುಳ್ಳೆ ಏಳುತ್ತಿರುತ್ತವೆ. ಆ ಹುಳಿ ನಾತಕ್ಕೆ ಎಮ್ಮೆಗಳು ಮೂತಿ ಇಡುವುದಿಲ್ಲ. ಸಂಬಂಧಪಟ್ಟವರಿಗೆ ಹಿಂದೆ ಕೊಟ್ಟ ಅರ್ಜಿಗಳಿಗೆ ಸ್ವೀಕೃತಿ ಮುದ್ರೆ ಬಿತ್ತು, ಉತ್ತರ ಬರಲಿಲ್ಲ. ಪರಿಶೀಲನೆಗೆಂದು ಬಂದವರು ಮಟಮಟ ಮಧ್ಯಾಹ್ನ ಬಂದು "ಹರಿವು ಕಂಡುಬಂದಿಲ್ಲ" ಎಂದು ಬರೆದುಕೊಂಡು ಹೋದರು. ರಾತ್ರಿ ಬಿಡುವ ನೀರು ಹಗಲು ಕಾಣುವುದು ಹೇಗೆಂದು ತಾವೇ ಅವರನ್ನು ಕೇಳಬೇಕಾಗಿ ವಿನಂತಿ.

1974ರ ಜಲ ಕಾಯ್ದೆಯ ಕಲಂ 24, 25 ಮತ್ತು 33ಎ ತಮಗೆ ತಿಳಿಯದ್ದಲ್ಲ. ನೀರಿನ ಪರೀಕ್ಷಾ ವರದಿ, ಸಮಯ ನಮೂದಾದ ಫೋಟೋಗಳು, ಹಳೆಯ ಅರ್ಜಿಗಳ ಪ್ರತಿ, ಪಂಚಾಯಿತಿ ಠರಾವು ಎಲ್ಲವನ್ನೂ ಲಗತ್ತಿಸಿದ್ದೇವೆ. ವರದಿಯ ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) ಕಾಲಂ ಅನ್ನು ಲೀಟರಿಗೆ 30 ಮಿಲಿಗ್ರಾಂ ಮಿತಿಯೊಂದಿಗೆ ಹೋಲಿಸಿ ನೋಡಬೇಕು. 1980ರ ದಶಕದಲ್ಲಿ ನಮ್ಮ ತಾಲ್ಲೂಕಿನ ತುಂಗಭದ್ರಾ ನದಿಯಲ್ಲಿ ಮೀನು ಸತ್ತಾಗ ದಡದ ಜನ ಬೀದಿಗಿಳಿದದ್ದನ್ನು ನಾವು ಮರೆತಿಲ್ಲ.

ಮಿಲ್ಲು ಮುಚ್ಚಿಸಿ ಎನ್ನುವವರು ನಾವಲ್ಲ; ನಮ್ಮ ಭತ್ತವೂ ಅಲ್ಲಿಗೇ ಹೋಗುವುದು. ಹಳ್ಳದಲ್ಲಿ ಈಗ ನಡೆಯುತ್ತಿರುವ ಹುದುಗುವಿಕೆಯನ್ನು ಮುಚ್ಚಿದ ಟ್ಯಾಂಕಿನಲ್ಲಿ ನಡೆಸಿ ಎನ್ನುತ್ತೇವೆ. ಗಾಳಿಯಾಡದಂತೆ ಮಾಡಿ, ಪಿಎಚ್ 5.5ರ ಆಸುಪಾಸಿನಲ್ಲಿ ಹಿಡಿದರೆ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಗಳು ಗಂಜಿ-ಸಕ್ಕರೆ ತಿಂದು ಜಲಜನಕ ಬಿಡುತ್ತವೆ. ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ಅದನ್ನು ನುಂಗದಂತೆ ಟ್ಯಾಂಕಿಗೆ ಹೆಪ್ಪಾಗಿ ಹಾಕುವ ಕೆಸರನ್ನು ಮೊದಲೇ ಕಾಯಿಸಬೇಕು. ಮಿಲ್ಲಿನ ಬಾಯ್ಲರ್ ಶಾಖ ಇದಕ್ಕೆ ಬಳಕೆಯಾಗಲಿ. ಆದರೆ ಜಲಜನಕ ತೆಗೆದ ಮಾತ್ರಕ್ಕೆ ನೀರು ಶುದ್ಧವಾಗದು. ಒಂದು ಅಣು ಗ್ಲೂಕೋಸಿಗೆ ಹೆಚ್ಚೆಂದರೆ 4 ಅಣು ಜಲಜನಕ. ಮಿಕ್ಕದ್ದು ಅಸಿಟಿಕ್, ಬ್ಯುಟಿರಿಕ್ ಆಮ್ಲಗಳಾಗಿ ನೀರಲ್ಲೇ ಉಳಿಯುತ್ತದೆ. ಆದ್ದರಿಂದ ಎರಡನೇ ಟ್ಯಾಂಕಿನಲ್ಲಿ ಮೀಥೇನ್ ತೆಗೆದು, ಆಮೇಲೆ ಗಾಳಿ ಹಾಯಿಸಿ ಶುದ್ಧೀಕರಿಸುವುದು ಕಡ್ಡಾಯವಾಗಬೇಕು. ಮೊದಲ ಟ್ಯಾಂಕನ್ನಷ್ಟೇ ಕಟ್ಟಿ ಉದ್ಘಾಟನೆ ಮಾಡಿದರೆ ನಾವು ಒಪ್ಪುವುದಿಲ್ಲ.

ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಲ್ಲಿ (ಐಐಸಿಟಿ) ಕೊಳೆನೀರಿನಿಂದ ಜಲಜನಕ ತೆಗೆಯುವ ಸಂಶೋಧನೆ ನಡೆದಿದೆ. ಅವರ ಸಲಹೆ ಪಡೆದು, ದಾವಣಗೆರೆಯ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜನ್ನು ಜೊತೆಗೆ ಸೇರಿಸಿಕೊಳ್ಳಬಹುದು. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ಹಸಿರು ಜಲಜನಕ ಮಿಷನ್ನಿಗೆ 19,744 ಕೋಟಿ ರೂ. ಇದೆ, ಅದೇ ವರ್ಷದ ಹಸಿರು ಜಲಜನಕ ಮಾನದಂಡದಲ್ಲಿ ಜೀವರಾಶಿಯಿಂದ ತೆಗೆದ ಜಲಜನಕವೂ ಸೇರಿದೆ. ಪ್ರಸ್ತಾವನೆ ಜಿಲ್ಲೆಯಿಂದ ಹೋಗಬೇಕಷ್ಟೆ.

ಘಟಕಕ್ಕೆ ಜಾಗ ಬೇಕಾದಲ್ಲಿ ಸಹಿದಾರರಲ್ಲೇ ಇಬ್ಬರು ದಂಡೆಯ ಜಮೀನನ್ನು ಬಾಡಿಗೆಗೆ ಕೊಡಲು ಸಿದ್ಧರಿದ್ದು, ಅವರ ತೋಟದವರೆಗಿನ ದಾರಿಗೆ ಕಾಂಕ್ರೀಟ್ ಹಾಕಿಸಿಕೊಡಬೇಕು. ಕಾವಲು ಕೆಲಸ ಊರಿನ ಹುಡುಗರಿಗೇ ಸಿಗಲಿ.

ಮುಂದಿನ ಭತ್ತದ ಕೊಯ್ಲಿಗೆ ಮೊದಲು ತಾವು ಖುದ್ದಾಗಿ, ರಾತ್ರಿ 10ರ ಮೇಲೆ, ಹಳ್ಳದ ಬಳಿಗೆ ಬರಬೇಕು. ಅಷ್ಟರೊಳಗೆ ಕ್ರಮವಾಗದಿದ್ದರೆ ಈ ನೀರನ್ನೇ ಕೊಡಗಳಲ್ಲಿ ತುಂಬಿಕೊಂಡು ತಮ್ಮ ಕಚೇರಿ ಎದುರು ಧರಣಿ ಕೂರುತ್ತೇವೆ.


ಸಹಿ ಮಾಡಿದ ಗ್ರಾಮಸ್ಥರು, ಭಾನುವಳ್ಳಿ