ಶುಚಿತ್ವಕ್ಕೆ ವಾಸನೆ ಬೇಕೆ?

ಯುಗಾದಿಯ ಮುನ್ನಾದಿನ ಮನೆಯೆಲ್ಲ ತೊಳೆದಾಗಿತ್ತು, ಬಚ್ಚಲುಮನೆಯೊಂದು ಉಳಿದಿತ್ತು. ಹಳದಿ ಕಲೆ ಹೋಗಲೆಂದು ನಮ್ಮ ಚಿಕ್ಕಮ್ಮ ಆಸಿಡ್ ಸುರಿದರು. ಕಲೆ ಪೂರ್ತಿ ಬಿಡಲಿಲ್ಲ. ಟೈಲ್ಸ್ ಬೆಳ್ಳಗಾಗಲಿ ಎಂದು ಅದರ ಮೇಲೆಯೇ ಒಂದಿಷ್ಟು ಬ್ಲೀಚಿಂಗ್ ಪೌಡರ್ ಉದುರಿಸಿ ಪೊರಕೆಯಿಂದ ಉಜ್ಜತೊಡಗಿದರು. ಕಿಟಕಿ ಮುಚ್ಚಿತ್ತು. ನೀರು ಹೊರಗೆ ಸಿಡಿಯದಿರಲೆಂದು ಬಾಗಿಲನ್ನೂ ಎಳೆದುಕೊಂಡಿದ್ದರು. ಸ್ವಲ್ಪ ಹೊತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿ ಬಂದರು. ಕಣ್ಣಲ್ಲಿ ನೀರು, ನಿಲ್ಲದ ಕೆಮ್ಮು, ಮಾತೇ ಹೊರಡುತ್ತಿಲ್ಲ. ಜಗಲಿಯ ಮೇಲೆ ಕೂರಿಸಿದೆವು. ಉಸಿರು ಒಂದು ಹದಕ್ಕೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಆಮೇಲೆ ಅವರು ಆಡಿದ ಮೊದಲ ಮಾತು ಇನ್ನೂ ನನ್ನ ಕಿವಿಯಲ್ಲಿದೆ: “ವಾಸನೆ ಜೋರಾಗಿ ಬಂತು ಕಣೋ, ಚೆನ್ನಾಗಿ ಕ್ಲೀನ್ ಆಗ್ತಿದೆ ಅಂದ್ಕೊಂಡೆ.”

ಅವರು ಕುಡಿದದ್ದು ಕ್ಲೋರಿನ್ ಗಾಳಿ. ಟಾಯ್ಲೆಟ್ ತೊಳೆಯುವ ಆಸಿಡ್ಡಿನಲ್ಲಿರುವುದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಅದು ಬ್ಲೀಚಿನೊಂದಿಗೆ ಸೇರಿದರೆ ಕ್ಲೋರಿನ್ ಹೊರಡುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಊರಿನ ಬಳಿ ಜರ್ಮನ್ ಸೇನೆ ಶತ್ರುಗಳ ಕಂದಕಗಳತ್ತ ಬಿಟ್ಟದ್ದು ಇದೇ ಅನಿಲ. ಎರಡೂ ಡಬ್ಬಿಗಳು ನಮ್ಮ ಬಚ್ಚಲಿನ ಮೂಲೆಯಲ್ಲಿ ಒಂದಕ್ಕೊಂದು ಆತುಕೊಂಡು ಕೂತಿರುತ್ತವೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ರಸಾಯನಶಾಸ್ತ್ರಕ್ಕಿಂತ ಚಿಕ್ಕಮ್ಮನ ಆ ಮಾತು. ವಾಸನೆ ಬಂದರೆ ಶುಚಿಯಾಗಿದೆ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಆಳಕ್ಕೆ ಇಳಿದಿದೆ. ಫಿನಾಯಿಲ್ ಘಾಟು ಮೂಗಿಗೆ ಬಡಿಯದಿದ್ದರೆ ನೆಲ ಒರೆಸಿದ ಹಾಗೇ ಅನ್ನಿಸುವುದಿಲ್ಲ. ಬಟ್ಟೆ ಒಗೆದರೆ ಸಾಲದು, ಮಲ್ಲಿಗೆಯ ಪರಿಮಳ ಬರಬೇಕು. ಕಕ್ಕಸಿಗೆ ನಿಂಬೆಯ ಘಮ, ಕಾರಿಗೆ ಶ್ರೀಗಂಧದ್ದು. ನಿಜಕ್ಕೂ ಶುಚಿಯಾದ ನೆಲಕ್ಕೆ, ಬಟ್ಟೆಗೆ ಯಾವ ವಾಸನೆಯೂ ಇರುವುದಿಲ್ಲ. ಮನೆಯೊಳಗಿನ ರಾಸಾಯನಿಕಗಳನ್ನು ತಗ್ಗಿಸಬೇಕೆಂದರೆ ಮೊದಲು ಮೂಗಿನ ಈ ಅಭ್ಯಾಸವನ್ನು ಬಿಡಿಸಬೇಕು ಎಂಬುದು ನನ್ನ ವಾದ.

ನುಸಿಗುಳಿಗೆಯನ್ನೇ ನೋಡಿ. ಟ್ರಂಕಿನ ರೇಷ್ಮೆ ಸೀರೆಗಳ ನಡುವೆ ಇಟ್ಟ ಬಿಳಿ ಗುಳಿಗೆ ಮುಂದಿನ ವರ್ಷ ಕಡಲೆಕಾಳಿನಷ್ಟಾಗಿರುತ್ತದೆ. ಸವೆದ ಭಾಗ ಎಲ್ಲಿಗೆ ಹೋಯಿತು? ಬಟ್ಟೆಗೆ, ಕೋಣೆಯ ಗಾಳಿಗೆ, ನಮ್ಮ ಎದೆಗೂಡಿಗೆ. ನ್ಯಾಫ್ತಲೀನ್ ಕರಗದೆ ನೇರವಾಗಿ ಆವಿಯಾಗುವ ವಸ್ತು. ದೊಡ್ಡವರು ಅದರ ಸ್ವಲ್ಪ ಆವಿಯನ್ನು ತಾಳಿಕೊಂಡಾರು. ಆದರೆ ಬಾಣಂತಿಯ ಕೋಣೆಯಲ್ಲಿ ನಾವೇನು ಮಾಡುತ್ತೇವೆ? ಮೆತ್ತಗಿರುತ್ತದೆಂದು ಟ್ರಂಕಿನಲ್ಲಿದ್ದ ಹಳೆಯ ಹತ್ತಿ ಸೀರೆಯನ್ನು ತೆಗೆದು, ಹರಿದು, ಎಳೆಗೂಸನ್ನು ಅದರಲ್ಲೇ ಸುತ್ತುತ್ತೇವೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥ ಕೂಸಿಗೆ ಈ ಆವಿ ತಾಗಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ, ಕಾಮಾಲೆ ತೀವ್ರವಾಗುತ್ತದೆ. ಯಾವ ಕೂಸಿಗೆ ಆ ಕೊರತೆ ಇದೆ ಎಂದು ತೊಟ್ಟಿಲು ನೋಡಿದರೆ ತಿಳಿಯುವುದಿಲ್ಲ. ಬೇವಿನ ಎಲೆ, ವರ್ಷಕ್ಕೆರಡು ಬಾರಿ ಬಿಸಿಲು, ಬಿಗಿಯಾದ ಮುಚ್ಚಳ ಇಷ್ಟಿದ್ದರೆ ಸೀರೆಗೂ ಸಾಕು. ಕೂಸಿನ ಬಟ್ಟೆಯನ್ನಂತೂ ಒಗೆದು ಚೆನ್ನಾಗಿ ಬಿಸಿಲಿಗೆ ಹಾಕದೆ ಬಳಸಲೇಬಾರದು.

ಸೊಳ್ಳೆಬತ್ತಿಯ ಕಥೆ ಇನ್ನೂ ಕೆಟ್ಟದು. ಒಂದು ಸುರುಳಿ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಯ ಕಣಗಳಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತ್ತು. ಮಗುವಿನ ಮುಂದೆ ಸಿಗರೇಟು ಹಚ್ಚಿದವನನ್ನು ಗದರುವ ನಾವೇ ಅದೇ ಮಗುವಿನ ಮಂಚದ ಕೆಳಗೆ ಬತ್ತಿ ಹಚ್ಚಿ, ಸೊಳ್ಳೆ ಬಾರದಿರಲೆಂದು ಕಿಟಕಿ ಮುಚ್ಚುತ್ತೇವೆ. ಡೆಂಗಿ, ಮಲೇರಿಯಾ ಸುಳ್ಳಲ್ಲ. ಸೊಳ್ಳೆ ಕಚ್ಚಲಿ ಬಿಡಿ ಎಂದು ಹೇಳುವುದು ಅನ್ಯಾಯ. ಕಿಟಕಿಗೆ ಜಾಲರಿ, ಮಂಚಕ್ಕೆ ಸೊಳ್ಳೆಪರದೆ, ವಾರಕ್ಕೊಮ್ಮೆ ಡ್ರಮ್ಮಿನ ನೀರು ಚೆಲ್ಲಿ ತಿಕ್ಕುವುದು: ಇವು ಹೊಗೆಗಿಂತ ಚೆನ್ನಾಗಿ ಕಾಯುತ್ತವೆ. ಡೆಂಗಿ ಹರಡುವ ಸೊಳ್ಳೆ ಹಗಲಲ್ಲೇ ಕಚ್ಚುವುದರಿಂದ ರಾತ್ರಿ ಬತ್ತಿ ಹಚ್ಚಿ ನಿಶ್ಚಿಂತರಾಗಿರಲೂ ಆಗದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಚರ್ಚೆ ಎದ್ದಾಗಲೆಲ್ಲ “ನಮ್ಮ ಅಜ್ಜಿಯ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?” ಎಂಬ ಪ್ರಶ್ನೆ ಬರುತ್ತದೆ. ಬೇರೆಯದು ಇತ್ತು. ಹಸಿ ಸೌದೆಯ ಒಲೆ ಊದಿ ಊದಿ ಕಣ್ಣು, ಶ್ವಾಸಕೋಶ ಎರಡನ್ನೂ ಕಳೆದುಕೊಂಡ ಅಜ್ಜಿಯರು ಎಷ್ಟಿಲ್ಲ? ತವರಕ್ಕೆ ಸೀಸ ಬೆರೆಸಿ ಹಾಕಿದ ಕಲಾಯಿಯ ಪಾತ್ರೆಯಲ್ಲಿ ಹುಣಸೆ ಹುಳಿ ಕುದಿಸಿದರೆ ಆ ಸೀಸ ಸಾರಿಗೆ ಇಳಿಯುತ್ತದೆ. ದೇವರಮನೆಯ ಕರ್ಪೂರವನ್ನು ಕಲ್ಲುಸಕ್ಕರೆ ಎಂದು ಮಗು ನುಂಗಿದರೆ ಫಿಟ್ಸ್ ಬರುತ್ತದೆ. ಸಾಂಬ್ರಾಣಿಯ ಹೊಗೆಯೂ ಹೊಗೆಯೇ. ಆದ್ದರಿಂದ ಡಬ್ಬಿಯ ಮೇಲೆ ‘ನೈಸರ್ಗಿಕ’ ಎಂದು ಬರೆದ ಮಾತ್ರಕ್ಕೆ ಎರಡು ಪಟ್ಟು ದುಡ್ಡು ಕೊಡಬೇಡಿ. ಒಂದು ಸೀಸೆಯ ಬದಲು ಇನ್ನೊಂದು ಸೀಸೆ ತಂದರೆ ಕಪಾಟು ತುಂಬುತ್ತದೆ ಅಷ್ಟೆ. ರೂಮ್ ಫ್ರೆಶ್‌ನರ್ ಇಲ್ಲದೆ ಯಾರೂ ಸತ್ತಿಲ್ಲ. ಸಾಬೂನು, ನೀರು, ಬಿಸಿಲು, ಗಾಳಿ. ಮನೆಯ ಮುಕ್ಕಾಲು ಕೆಲಸ ಇವುಗಳಲ್ಲೇ ಮುಗಿಯುತ್ತದೆ.

ಮೂಗಿನ ಸಂಗತಿಗೆ ಇನ್ನೊಂದು ಮಗ್ಗುಲಿದೆ, ಅದೇ ಹೆಚ್ಚು ಭಯದ್ದು: ನಿಜವಾಗಿ ಅಪಾಯಕಾರಿಯಾದ ಕೆಲವಕ್ಕೆ ವಾಸನೆಯೇ ಇಲ್ಲ. ಸೀಸ ಅಂಥದ್ದು. ಇದನ್ನು ನಮಗೆ ತಿಳಿಸಿಕೊಟ್ಟವರಲ್ಲಿ ಬೆಂಗಳೂರಿನವರೇ ಮುಂದೆ ಇದ್ದರು. 1990ರ ದಶಕದ ಕೊನೆಯಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಶನ್ ಸೇರಿ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಜನರ ರಕ್ತ ಪರೀಕ್ಷೆ ಮಾಡಿಸಿದರು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸ ಕಂಡಿತು. 2000ದಲ್ಲಿ ದೇಶವೆಲ್ಲ ಸೀಸವಿಲ್ಲದ ಪೆಟ್ರೋಲಿಗೆ ಬದಲಾಯಿತು. ಮನೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2016ರಲ್ಲಿ ಬಂದು, 2017ರ ನವೆಂಬರ್‌ನಿಂದ ಜಾರಿಯಾಯಿತು. ಮಗುವಿನ ಮಿದುಳಿಗೆ ಸೀಸದ ಮಟ್ಟಿಗೆ ‘ಇಷ್ಟಾದರೆ ಪರವಾಗಿಲ್ಲ’ ಎಂಬ ಅಳತೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಿಯಮ ಬಂದರೂ ಹಳೆಯ ಬಣ್ಣ ಹಳೆಯ ಮನೆಗಳಲ್ಲಿ ಹಾಗೇ ಇದೆ. ಕಿಟಕಿಯ ಸರಳು, ಬಾಗಿಲು, ತೊಟ್ಟಿಲಿಗೆ ಬಳಿದ ಎನಾಮಲ್ ಬಣ್ಣ, ಅದರಲ್ಲೂ ಹೊಳೆಯುವ ಹಳದಿ, ಕಿತ್ತಳೆ, ಕೆಂಪು. ಮದುವೆ, ಗೃಹಪ್ರವೇಶ ಬಂತೆಂದರೆ ಪೇಂಟರ್ ಬಂದು ಸ್ಯಾಂಡ್ ಪೇಪರ್ ಹಿಡಿದು ಉಜ್ಜುತ್ತಾನೆ. ಆ ನುಣ್ಣನೆ ಧೂಳು ನೆಲದ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಮಗು ಅದರಲ್ಲೇ ಹರಿದಾಡಿ ಕೈಯನ್ನು ಬಾಯಿಗಿಡುತ್ತದೆ. ಉಜ್ಜುವ ಮೊದಲು ನೀರು ಚಿಮುಕಿಸಿ ಒದ್ದೆ ಮಾಡಬೇಕು, ಮಕ್ಕಳೂ ಗರ್ಭಿಣಿಯರೂ ಆ ದಿನಗಳಲ್ಲಿ ಬೇರೆಡೆ ಇರಬೇಕು, ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಚಪ್ಪಲಿ ಹೊರಗೇ ಬಿಟ್ಟು ಬರುವ ನಮ್ಮ ರೂಢಿ ಬೀದಿಯ ಸೀಸದ ಧೂಳನ್ನೂ ಹೊರಗೇ ನಿಲ್ಲಿಸುತ್ತದೆ. ಫ್ಲ್ಯಾಟುಗಳಲ್ಲಿ ಅದು ಈಗ ಸಡಿಲವಾಗುತ್ತಿರುವುದು ನನಗೆ ಬೇಸರದ ಸಂಗತಿ.

ಆದರೆ ಸೀಸದ ಕಥೆಯಲ್ಲಿ ಗೆದ್ದದ್ದು ಗೃಹಿಣಿಯ ಎಚ್ಚರಿಕೆ ಮಾತ್ರವಲ್ಲ, ಕಾನೂನು ಕೂಡ. ತಿನಿಸಿನ ವಿಷಯದಲ್ಲೂ ಕಾನೂನೇ ಬೇಕಾಯಿತು. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗೆ ಬಟ್ಟೆಯ ಬಣ್ಣವಾದ ರೋಡಮಿನ್-ಬಿ ಹಾಕುವುದನ್ನು ನಮ್ಮ ರಾಜ್ಯ ಸರ್ಕಾರ ನಿಷೇಧಿಸಿತು. ಮರುವರ್ಷ ಫೆಬ್ರುವರಿಯಲ್ಲಿ, ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುವುದನ್ನು ತಡೆಯಿತು. ಹಬೆಯಲ್ಲಿ ಬೆಂದ ಆ ಇಡ್ಲಿಯನ್ನು ಮೂಗಿಗೆ ಹಿಡಿದರೆ ಉದ್ದಿನ ಘಮವೇ ಬರುತ್ತದೆ; ಪ್ಲಾಸ್ಟಿಕ್ಕಿನ ಸುಳಿವು ಸಿಗದು. ಇಂಥಲ್ಲಿ ತಪಾಸಣೆ ಮಾಡುವವರೇ ಕಣ್ಣಾಗಬೇಕು. ಕ್ಲೀನರ್ ಬಾಟಲಿಯ ಮೇಲೆ ಒಳಗಿರುವುದೇನು, ಯಾವುದರ ಜೊತೆ ಬೆರೆಸಬಾರದು ಎಂಬುದನ್ನು ಕನ್ನಡದಲ್ಲಿ, ಓದಲು ಬರುವಷ್ಟು ದಪ್ಪಕ್ಷರದಲ್ಲಿ ಅಚ್ಚು ಹಾಕುವಂತೆ ಸರ್ಕಾರ ಮಾಡಬೇಕು. ದಿನಕ್ಕೆ ನಾಲ್ಕೈದು ಮನೆಗಳ ಬಚ್ಚಲು ತೊಳೆಯುವ ಕೆಲಸದ ಹೆಂಗಸಿಗೆ ಯಾರೂ ಕೈಗವಸು ಕೊಡುವುದಿಲ್ಲ. ಈ ವಿಷಗಳನ್ನು ನಮಗಿಂತ ಹೆಚ್ಚು ಉಸಿರಾಡುತ್ತಿರುವವಳು ಅವಳು.

ಈ ಭಾನುವಾರ ನಿಮ್ಮ ಮನೆಯ ಬಚ್ಚಲನ್ನು ನೀವೇ ತೊಳೆಯಿರಿ, ಅವಳೇ ತೊಳೆಯಲಿ, ಮೊದಲು ಕಿಟಕಿ ತೆರೆಯಿರಿ. ಆಸಿಡ್ ಬಾಟಲಿಯನ್ನೂ ಬ್ಲೀಚಿಂಗ್ ಪೌಡರ್ ಡಬ್ಬಿಯನ್ನೂ ಇಂದೇ ಬೇರೆ ಬೇರೆ ಕಡೆ ಎತ್ತಿಡಿ.