ಪ್ರೌಢಶಿಕ್ಷಣ: ದಾಖಲಾತಿಯಾಚೆಗಿನ ಲೆಕ್ಕ

ಬಾಲಕಿಯರ ಪ್ರೌಢಶಿಕ್ಷಣದ ಪ್ರಸ್ತಾಪ ಬಂದಾಗಲೆಲ್ಲ ಬಾಂಗ್ಲಾದೇಶವನ್ನು ಭಾರತಕ್ಕೆ ಮಾದರಿಯಾಗಿ ತೋರಿಸುವುದು ವಾಡಿಕೆಯಾಗಿದೆ. ಹಲವು ಸಾಮಾಜಿಕ ಸೂಚ್ಯಂಕಗಳಲ್ಲಿ ಆ ದೇಶ ನಮ್ಮನ್ನು ಹಿಂದಿಕ್ಕಿರುವುದನ್ನು ಅಮರ್ತ್ಯ ಸೇನ್ ಮತ್ತು ಜೀನ್ ಡ್ರೀಜ್ 2013ರಲ್ಲೇ ಎತ್ತಿ ತೋರಿಸಿದ್ದರು. ಆದರೆ ದಾಖಲಾತಿ ಪ್ರಮಾಣಗಳನ್ನು ಹೋಲಿಸುವವರು ಮೊದಲು ಕೇಳಬೇಕಾದುದು, ಎಣಿಕೆ ಯಾವ ತರಗತಿಯಿಂದ ಆರಂಭವಾಗುತ್ತದೆ ಎಂಬುದನ್ನು. ಬಾಂಗ್ಲಾದೇಶದಲ್ಲಿ ಪ್ರೌಢಶಿಕ್ಷಣ ಆರನೇ ತರಗತಿಯಿಂದಲೇ ಶುರು. ನಮ್ಮ ಕೇಂದ್ರ ಶಿಕ್ಷಣ ಸಚಿವಾಲಯ ಆ ಹೆಸರಿನಲ್ಲಿ ಬಹುಕಾಲ ಎಣಿಸುತ್ತಿದ್ದುದು ಒಂಬತ್ತು ಮತ್ತು ಹತ್ತನೇ ತರಗತಿಗಳನ್ನು. ಕರ್ನಾಟಕದ ಪ್ರೌಢಶಾಲೆಗಾದರೋ ಎಂಟನೆಯದೂ ಸೇರುತ್ತದೆ. ಅಳತೆಗೋಲೇ ಬೇರೆಯಾದಾಗ ಯಾರು ಮುಂದೆ, ಯಾರು ಹಿಂದೆ ಎಂಬ ಚರ್ಚೆಗೆ ಅರ್ಥ ಕಡಿಮೆ.

ಆದರೂ ಬಾಂಗ್ಲಾದೇಶದ ಸಾಧನೆ ಹುಸಿಯಲ್ಲ. 1994ರಲ್ಲಿ ಅದು ಗ್ರಾಮಾಂತರ ಪ್ರದೇಶದ ಎಲ್ಲ ಪ್ರೌಢಶಾಲಾ ಬಾಲಕಿಯರಿಗೂ ವಿದ್ಯಾರ್ಥಿವೇತನ ಯೋಜನೆಯನ್ನು ವಿಸ್ತರಿಸಿತು. ಆರನೇ ತರಗತಿಗೆ ತಿಂಗಳಿಗೆ 25 ಟಾಕಾ, ಹತ್ತನೆಯದಕ್ಕೆ 60 ಟಾಕಾ. ಮೊತ್ತ ಅಲ್ಪವೇ. ಆದರೆ ಹಣ ವರ್ಷಕ್ಕೆರಡು ಬಾರಿ ಹುಡುಗಿಯ ಹೆಸರಿನ ಬ್ಯಾಂಕ್ ಖಾತೆಗೇ ಜಮೆಯಾಗುತ್ತಿತ್ತು. ಬೋಧನಾ ಶುಲ್ಕವನ್ನು ಸರ್ಕಾರ ನೇರವಾಗಿ ಶಾಲೆಗೆ ಕೊಡುತ್ತಿತ್ತು. ಅಲ್ಲಿನ ಪ್ರೌಢಶಾಲೆಗಳಲ್ಲಿ ಬಹುಪಾಲು ಖಾಸಗಿ ಆಡಳಿತದವಾದ್ದರಿಂದ ಹುಡುಗಿಯರನ್ನು ಸೇರಿಸಿಕೊಳ್ಳುವುದು ಶಾಲೆಗಳಿಗೂ ಲಾಭದಾಯಕವಾಯಿತು. ಶೇ 75ರಷ್ಟು ಹಾಜರಾತಿ, ಪರೀಕ್ಷೆಯಲ್ಲಿ ಶೇ 45ರಷ್ಟು ಅಂಕ, ಹದಿನೆಂಟರವರೆಗೆ ಅವಿವಾಹಿತಳಾಗಿರುವುದು ಇದರ ಷರತ್ತುಗಳು. ಪರಿಣಾಮವಾಗಿ ತರಗತಿಗಳಲ್ಲಿ ಬಾಲಕಿಯರ ಸಂಖ್ಯೆ ಬಾಲಕರದನ್ನು ಮೀರಿತು.

ಭಾರತ ಸರ್ಕಾರ 2008ರಲ್ಲಿ ರೂಪಿಸಿದ ಪ್ರೋತ್ಸಾಹಧನ ಯೋಜನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಒಂಬತ್ತನೇ ತರಗತಿಗೆ ಸೇರಿದ ಪರಿಶಿಷ್ಟ ಜಾತಿ, ಪಂಗಡಗಳ ಬಾಲಕಿಯ ಹೆಸರಿನಲ್ಲಿ 3,000 ರೂಪಾಯಿ ಠೇವಣಿ. ಅದು ಕೈಗೆ ಬರುತ್ತಿದ್ದುದು ಹತ್ತನೇ ತರಗತಿ ತೇರ್ಗಡೆಯಾಗಿ ಹದಿನೆಂಟು ತುಂಬಿದ ಮೇಲೆ. ಬಸ್ಸಿನ ಖರ್ಚು, ನೋಟ್‌ಪುಸ್ತಕ, ಕೈತಪ್ಪುವ ಕೂಲಿ ಇವೆಲ್ಲ ಇಂದಿನ ಹೊರೆಗಳು. ನಾಲ್ಕು ವರ್ಷಗಳ ನಂತರದ ಠೇವಣಿ ಅವನ್ನು ಇಳಿಸದು ಎಂಬುದು ಕಡತ ಸಿದ್ಧಪಡಿಸಿದವರಿಗೆ ಏಕೆ ಹೊಳೆಯಲಿಲ್ಲವೋ!

ಬಾಂಗ್ಲಾದೇಶದ ಇನ್ನೊಂದು ಮುಖವನ್ನು ಅದನ್ನು ಹೊಗಳುವವರು ಮರೆಯುತ್ತಾರೆ. ಅಲ್ಲಿ ಪ್ರೌಢಶಾಲೆ ಸೇರಿದವರಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಹತ್ತನೆಯದನ್ನು ಮುಗಿಸುವುದಿಲ್ಲ. 2019ರ ಸಮೀಕ್ಷೆಯ ಪ್ರಕಾರ 20ರಿಂದ 24ರ ವಯೋಮಾನದ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಹದಿನೆಂಟಕ್ಕೆ ಮೊದಲೇ ಮದುವೆಯಾಗಿತ್ತು. ಮೂರನೆಯ ಷರತ್ತು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತೆಂದೇ ಇದರ ಅರ್ಥ. ಭಾರತದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ಪ್ರಮಾಣ ಶೇ 23.3.

ನಮ್ಮಲ್ಲಿ 2021-22ರಲ್ಲಿ 9–10ನೇ ತರಗತಿಗಳ ಒಟ್ಟು ದಾಖಲಾತಿ ಪ್ರಮಾಣ ಶೇ 79.6 ಇತ್ತು, ಬಾಲಕ–ಬಾಲಕಿಯರ ನಡುವೆ ಅಂತರವೇ ಇರಲಿಲ್ಲವೆನ್ನಬಹುದು. ಆದರೆ 11–12ನೇ ತರಗತಿಗಳಿಗೆ ಬಂದಾಗ ಅದು ಶೇ 57.6ಕ್ಕೆ ಇಳಿಯಿತು. ರಾಷ್ಟ್ರೀಯ ಶಿಕ್ಷಣ ನೀತಿಯು 2030ರೊಳಗೆ ಪ್ರೌಢಹಂತದವರೆಗೆ ಶೇ 100ರಷ್ಟು ಒಟ್ಟು ದಾಖಲಾತಿಯ ಗುರಿ ಇಟ್ಟುಕೊಂಡಿದೆ. ವಯಸ್ಸು ಮೀರಿದವರನ್ನೂ, ಅನುತ್ತೀರ್ಣರಾಗಿ ಅದೇ ತರಗತಿಯಲ್ಲಿ ಉಳಿದವರನ್ನೂ ಎಣಿಸುವ ಈ ಅಂಕಿ ನೂರು ಮುಟ್ಟಿದರೂ ಶಾಲೆಯ ಹೊರಗೆ ಮಕ್ಕಳು ಉಳಿದಿರಬಹುದು. ಆರನೇ ತರಗತಿ ಸೇರಿದ ನೂರು ಬಾಲಕಿಯರಲ್ಲಿ ಹತ್ತನೆಯದನ್ನು ಪಾಸು ಮಾಡಿದವರೆಷ್ಟು, ಹನ್ನೆರಡನೆಯದನ್ನು ಮುಗಿಸಿದವರೆಷ್ಟು ಎಂಬುದನ್ನು ಪ್ರತಿ ತಾಲ್ಲೂಕಿನ ಮಟ್ಟದಲ್ಲಿ ವರ್ಷವರ್ಷವೂ ಪ್ರಕಟಿಸಲಿ. ಪ್ರೋತ್ಸಾಹಧನದ ಕಂತು ಶಾಲೆ ತೆರೆಯುವ ತಿಂಗಳಲ್ಲೇ ಕೈಸೇರಲಿ.