ಸುದ್ದಿಯನ್ನೂ ತೂರಿ ಚೀಲಕ್ಕೆ ತುಂಬಿ



ರಾಗಿ ಒಕ್ಕಣೆಯಾದ ಮೇಲೆ ಯಾರಾದರೂ ಹಾಗೇ ಬಾಚಿ ಚೀಲಕ್ಕೆ ತುಂಬುತ್ತಾರೆಯೇ? ಗಾಳಿ ನೋಡಿ ತೂರುತ್ತೇವೆ, ಹೊಟ್ಟು ಹಾರಿಸುತ್ತೇವೆ, ಮೊರದಲ್ಲಿ ಕೇರಿ ಕಲ್ಲು ಆರಿಸುತ್ತೇವೆ. ಇಷ್ಟೆಲ್ಲಾ ಬಲ್ಲ ನಾವೇ ಬೆಳಿಗ್ಗೆ ಮೊಬೈಲಿಗೆ ಬಂದದ್ದನ್ನು, ಸಂಜೆ ಟಿ.ವಿ. ಕೂಗಿದ್ದನ್ನು, ಹೋಟೆಲಿನ ಬೆಂಚಿನ ಮೇಲೆ ಬಿದ್ದ ಪೇಪರಿನ ತಲೆಬರಹವನ್ನು ಕಲ್ಲು ಮಣ್ಣು ಸಮೇತ ತಲೆಗೆ ತುಂಬಿಕೊಳ್ಳುತ್ತೇವೆ. ಅದನ್ನು ನಂಬಿ ಬಿತ್ತುತ್ತೇವೆ, ಅದನ್ನು ನಂಬಿ ಸಾಲವನ್ನೂ ಮಾಡುತ್ತೇವೆ. ಲುಕ್ಸಾನು ಯಾರದು? ಕೂಗಿದವನದಂತೂ ಅಲ್ಲ.

2023ರ ಜುಲೈ ನೆನಪಿದೆಯಲ್ಲ? ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತು. ಕೋಟಿ ಎಣಿಸಿದ ರೈತ ಅಂತ ಒಬ್ಬಿಬ್ಬರನ್ನು ಹಿಡಿದು ಟಿ.ವಿ.ಯಲ್ಲಿ ಮೂರು ಹೊತ್ತೂ ತೋರಿಸಿದರು. ಮಿಕ್ಕವರ ತೋಟದಲ್ಲಿ ಹಣ್ಣಿಲ್ಲದ್ದಕ್ಕೇ ಆ ಬೆಲೆ ಬಂತು ಅನ್ನುವ ಮಾತು ಆ ಗದ್ದಲದಲ್ಲಿ ಮುಳುಗಿಹೋಯಿತು. ನಾಟಿಯಿಂದ ಕೊಯ್ಲಿಗೆ ಎರಡು ತಿಂಗಳ ಮೇಲೆ ಬೇಕು. ಸುದ್ದಿ ನೋಡಿ ಸಸಿ ನೆಟ್ಟವನ ಹಣ್ಣು ಬರುವ ಹೊತ್ತಿಗೆ, ಸೆಪ್ಟೆಂಬರಿನಲ್ಲಿ, ಧಾರಣೆ ನೆಲ ಕಚ್ಚಿತ್ತು. ಆಗ ಕ್ಯಾಮೆರಾ ಹಿಡಿದವರು ಎಲ್ಲಿದ್ದರು?

ಈರುಳ್ಳಿಯ ಕಥೆಯೂ ಇಷ್ಟೇ. ಕೇಂದ್ರ ಸರ್ಕಾರ 2023ರ ಆಗಸ್ಟಿನಲ್ಲಿ ರಫ್ತಿನ ಮೇಲೆ ಶೇ. 40 ಸುಂಕ ಹಾಕಿತು, ಡಿಸೆಂಬರಿನಲ್ಲಿ ರಫ್ತನ್ನೇ ನಿಷೇಧಿಸಿತು, 2024ರ ಮೇ ತನಕ ಬಾಗಿಲು ತೆರೆಯಲಿಲ್ಲ. ಬೆಲೆ ಏರಿದರೆ 'ಈರುಳ್ಳಿ ಕಣ್ಣೀರು', ಇಳಿದರೆ 'ಗ್ರಾಹಕರಿಗೆ ನೆಮ್ಮದಿ' ಎಂದು ಬರೆಯುವುದು ಪೇಟೆಯ ವಾಡಿಕೆ. ಬೆಳೆದವನ ಕಣ್ಣೀರಿಗೆ ಆ ಪುಟದಲ್ಲಿ ಜಾಗವಿಲ್ಲ. ಆದ್ದರಿಂದ ಸುದ್ದಿ ಓದುವಾಗ ಮೊದಲು ಕೇಳಬೇಕಾದ್ದು: ಇದನ್ನು ಯಾರ ಅಂಗಳದಲ್ಲಿ ನಿಂತು ಬರೆದಿದ್ದಾರೆ?

ಎರಡನೆಯದು, ದಪ್ಪಕ್ಷರದ ಕೆಳಗಿನ ಸಣ್ಣಕ್ಷರ. 2025-26ರ ಹಂಗಾಮಿಗೆ ಕಬ್ಬಿನ ನ್ಯಾಯಸಮ್ಮತ ದರ ಟನ್ನಿಗೆ 3,550 ರೂಪಾಯಿ ಅಂತ ಎಲ್ಲರೂ ಓದಿದೆವು. ಅದು ಶೇ. 10.25 ಸಕ್ಕರೆ ಇಳುವರಿಗೆ ನಿಗದಿಯಾದ ದರ. ಇಳುವರಿ ಶೇ. 9.5ಕ್ಕಿಂತ ಕೆಳಗಿದ್ದರೆ 3,290 ರೂ. 50 ಪೈಸೆ. ಅದರಲ್ಲೂ ಕಟಾವು, ಸಾಗಣೆಯ ಖರ್ಚನ್ನು ಕಾರ್ಖಾನೆ ಮುರಿದುಕೊಂಡ ಮೇಲೆ ಕೈಗೆ ಬಂದದ್ದೆಷ್ಟು? ತಲೆಬರಹ ನಂಬಿ ಮಗಳ ಮದುವೆ ನಿಶ್ಚಯ ಮಾಡಿದವನ ಗತಿಯೇನು?

ಬೆಂಬಲ ಬೆಲೆಯನ್ನೇ ನೋಡಿ. ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟು ಎಂದು 2018ರ ಬಜೆಟ್ಟಿನಲ್ಲಿ ಸಾರಿದರು. ಯಾವ ವೆಚ್ಚ? ಕೈಯಿಂದ ಹಾಕಿದ ದುಡ್ಡು, ಮನೆಮಂದಿಯ ದುಡಿಮೆ, ಇಷ್ಟಕ್ಕೇ ಲೆಕ್ಕ ಕಟ್ಟಿದರು. ಸ್ವಂತ ಜಮೀನಿನ ಗುತ್ತಿಗೆ ಬೆಲೆ, ಸ್ವಂತ ಬಂಡವಾಳದ ಬಡ್ಡಿ ಹೊರಗೆ ಉಳಿದವು. ಅವನ್ನೂ ಸೇರಿಸುವ ಲೆಕ್ಕ ಬೆಲೆ ಆಯೋಗದ ವರದಿಯಲ್ಲೇ ಇದೆ. ಪೇಪರಿನ ಮೊದಲ ಪುಟಕ್ಕೆ ಮಾತ್ರ ಬರುವುದಿಲ್ಲ.

ಎಲ್ಲಕ್ಕಿಂತ ದುಬಾರಿಯಾದದ್ದು ಸಾಲಮನ್ನಾದ ಗಾಳಿಸುದ್ದಿ. 'ಮನ್ನಾ ಆಗ್ತದಂತೆ, ಯಾರೂ ಕಟ್ಟಬೇಡಿ' ಅಂತ ಮೊಬೈಲಿನಲ್ಲಿ ಒಂದು ಸಾಲು ಬರುತ್ತದೆ. ಬರೆದವನ ಹೆಸರಿಲ್ಲ, ಆದೇಶದ ನಂಬರಿಲ್ಲ, ತಾರೀಖಿಲ್ಲ. ನಮ್ಮ ರಾಜ್ಯದ ಸಹಕಾರ ಸಂಘಗಳಲ್ಲಿ ಬೆಳೆ ಸಾಲಕ್ಕೆ ಸೊನ್ನೆ ಬಡ್ಡಿ; 2023ರಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಅದು ವಾಯಿದೆಗೆ ಸರಿಯಾಗಿ ಕಟ್ಟಿದವನಿಗೆ ಮಾತ್ರ. ಒಂದು ಸಾಲು ನಂಬಿ ವಾಯಿದೆ ಮೀರಿಸಿದವನ ತಲೆ ಮೇಲೆ ಬಡ್ಡಿ ಬಂದು ಕೂರುತ್ತದೆ. ಇನ್ನು ಮನ್ನಾ ಬಂದರೂ ಎಲ್ಲರಿಗೂ ಬರುತ್ತದೆಯೇ? 2008ರ ಕೇಂದ್ರದ ಮನ್ನಾದಲ್ಲಿ 2 ಹೆಕ್ಟೇರಿಗಿಂತ ಹೆಚ್ಚು ಹಿಡುವಳಿ ಇದ್ದವನಿಗೆ ಪೂರಾ ಮನ್ನಾ ಇರಲಿಲ್ಲ. ಬಹುಮಟ್ಟಿಗೆ, ಮುಕ್ಕಾಲು ಪಾಲು ತಾನು ಕಟ್ಟಿದರೆ ಕಾಲು ಪಾಲು ರಿಯಾಯಿತಿ. ಮನ್ನಾ ಕೇಳುವುದು ನಮ್ಮ ಹಕ್ಕು, ಬೀದಿಗಿಳಿದು ಕೇಳೋಣ. ಬರುವ ಮುಂಚೆಯೇ ಬಂತು ಅಂತ ನಂಬುವುದು ಹೋರಾಟವಲ್ಲ, ದಡ್ಡತನ.

ಹಾಗಾದರೆ ಓದುವುದನ್ನೇ ಬಿಡೋಣವೇ ಅಂತ ಕೇಳಬಹುದು. ಬಿಟ್ಟರೆ ದಲ್ಲಾಳಿಗೆ ಹಬ್ಬ! ಕಡಿಮೆ ಓದಿ, ಆದರೆ ಪೂರಾ ಓದಿ. ಧಾರಣೆ ನೋಡುವಾಗ ಗರಿಷ್ಠ ಬೆಲೆಗೆ ಮರುಳಾಗಬೇಡಿ, ಅದು ಎಲ್ಲೋ ಒಂದೆರಡು ಲಾಟಿಗೆ ಬಿದ್ದದ್ದಿರಬಹುದು. ಆವಕ ಎಷ್ಟು, ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯಿತು ಅನ್ನುವುದನ್ನು ನೋಡಿ. ಇವೆರಡೂ ಕೃಷಿ ಮಾರಾಟ ಇಲಾಖೆಯ 'ಕೃಷಿ ಮಾರಾಟ ವಾಹಿನಿ'ಯಲ್ಲಿ ಸಿಗುತ್ತವೆ. ಸಾಲದ ಸುದ್ದಿ ಬಂದರೆ ಆದೇಶದ ನಂಬರು, ತಾರೀಖು ಕೇಳಿ. ಇಲ್ಲ ಅಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವನೂ ಆ ಬಡ್ಡಿಯ ಪಾಲುದಾರನೇ.

ಇನ್ನೊಂದು ಕೆಲಸ ಈ ತಿಂಗಳೇ ಆಗಲಿ. ಊರಿನ ಹಾಲಿನ ಡೇರಿಯ ಮುಂದೆ ಒಂದು ಕರಿಹಲಗೆ ಹಾಕಿ. ಮಾರುಕಟ್ಟೆಗೆ ಹೋಗಿ ಬಂದವನು ತನ್ನ ಪಟ್ಟಿ ನೋಡಿ ಬರೆಯಲಿ: ತೂಕ ಎಷ್ಟು, ಬೆಲೆ ಎಷ್ಟು, ಮುರಿದದ್ದೆಷ್ಟು, ಕೈಗೆ ಬಂದದ್ದೆಷ್ಟು. ಮಾರಿ ಬಂದವನ ಜೇಬಿನ ಪಟ್ಟಿಗಿಂತ ನಂಬಿಕೆಯ ಪೇಪರು ಇನ್ನೊಂದಿಲ್ಲ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಟಿ.ವಿ.ಯವರಿಗೆ, ಸರ್ಕಾರದವರಿಗೆ ಮಾತ್ರ ಹೇಳಿದ ಮಾತಲ್ಲ ಅದು. ವೇದಿಕೆ ಮೇಲೆ ನಿಂತು ಭಾಷಣ ಮಾಡುವ ನಮ್ಮ ಮುಖಂಡರನ್ನೂ, ನೀವೀಗ ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಯನ್ನೂ ತೂರಿ ನೋಡಿ. ಕಾಳಿದ್ದರೆ ಉಳಿಯುತ್ತದೆ, ಜೊಳ್ಳಾದರೆ ಹಾರಿಹೋಗಲಿ ಬಿಡಿ.